ಕಾಕಾನ ಮೂರನೇ ಕಾಲು

ನಮ್ಮ ಕಾಕಾ ನನ್ನ ಗುರುತು ಹಿಡಿಯುವುದು ಚಪ್ಪಲಿಯಿಂದ. ಮುಖ ಆಮೇಲೆ, ಅದೂ ಪುರುಸೊತ್ತಿದ್ದರೆ! ನಗಬೇಡಿರಿ, ಆಣೆ ಮಾಡಿ ಹೇಳುತ್ತೇನೆ. ನಮ್ಮಪ್ಪನ ಒಡಹುಟ್ಟಿದ ತಮ್ಮ, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಆದರೂ ಒಂದು ಮದುವೆಯಲ್ಲಿ ನಾನು ಹೊಸ ಚಪ್ಪಲಿ ಮೆಟ್ಟಿಕೊಂಡು ಎದುರಿಗೆ ಹೋಗಿ ನಿಂತರೆ, ನೆಲ ನೋಡುತ್ತಲೇ "ಯಾರವಾ ನೀನು?" ಅಂದುಬಿಟ್ಟರು.

ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಅವರ ಮನೆ. ಬೆಲ್ ಒತ್ತಿದರೆ ಬಾಗಿಲು ಒಂದು ಗೇಣು ತೆರೆದುಕೊಳ್ಳುತ್ತದೆ. ಆ ಗೇಣಿನಲ್ಲಿ ಮೊದಲು ಕಾಣುವುದು ಕಾಕಾನ ಬೊಕ್ಕತಲೆ. ಯಾಕೆಂದರೆ ಅವರು ಆಗಲೇ ಬಗ್ಗಿ ನಿಮ್ಮ ಪಾದ ನೋಡುತ್ತಿರುತ್ತಾರೆ.

"ಎಲ್ಲಿಂದ ಬಂದಿ?"

"ಮನಿಯಿಂದ, ಕಾಕಾ."

"ನಡುವ ಎಲ್ಲೆಲ್ಲಿ ಕಾಲಿಟ್ಟಿ? ಹೊಲಾ, ತ್ವಾಟಾ, ಹೂವಿನ ನರ್ಸರಿ?"

ನಾನಿರುವುದು ಗಚ್ಚಿಬೌಲಿಯ ಹನ್ನೊಂದನೇ ಮಹಡಿಯಲ್ಲಿ. ಲಿಫ್ಟ್ ಇಳಿದರೆ ಕಾರು, ಕಾರು ಇಳಿದರೆ ಆಫೀಸಿನ ಲಿಫ್ಟ್. ಹೊಲಕ್ಕೆ ಕಾಲಿಡಬೇಕೆಂದರೂ ಹೊಲ ಎಲ್ಲಿಂದ ತರಲಿ, ಹೇಳಿರಿ! ಇದನ್ನು ಕೇಳಿದ ಮೇಲೆ ಕಾಕಾನ ಮುಖ ಅರಳುತ್ತದೆ. "ಭಾಳ ಚಲೋ ಊರು ಅದು. ತಾಸುಗಟ್ಟಲೆ ಕಾರಿನ್ಯಾಗ ಕುಂಡ್ರಸ್ತಾರ, ಕಾಲಿಗೆ ಮಣ್ಣು ಹತ್ತೂದಿಲ್ಲ." ಹೈದರಾಬಾದಿನಲ್ಲಿ ಗಚ್ಚಿಬೌಲಿಯ ಟ್ರಾಫಿಕ್ಕನ್ನು ಹೊಗಳುವ ಮನುಷ್ಯ ಅವರೊಬ್ಬರೇ ಇರಬೇಕು.

ಈ ಹುಚ್ಚಿಗೆ ಒಂದು ಬೇರು ಉಂಟು. ಕಾಕಾ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಯಂತ್ರದ ಭಾಗ ಜೋಡಿಸುತ್ತ ಆಯುಷ್ಯ ಸವೆಸಿದವರು. ಜೋಡಿಸುವ ಕೋಣೆಯೊಳಗೆ ಹೋಗಬೇಕಾದರೆ ಹೊರಗಿನ ಬೂಟು ಹೊರಗೇ ಬಿಚ್ಚಬೇಕು, ತಲೆಗೆ ಟೋಪಿ ಹಾಕಬೇಕು, ಒಂದು ಕಣ ಧೂಳು ಬಿದ್ದರೂ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. "ಧೂಳಂದ್ರ ವೈರಿ" ಎನ್ನುವ ಮಾತು ಅವರ ರಕ್ತದಲ್ಲಿ ಸೇರಿಹೋಗಿತ್ತು. ಇಂಥವರು ರಿಟೈರ್ ಆದ ಮೇಲೆ ಮನೆಯಲ್ಲಿ ಕೂತು ಫ್ಯಾನು ಒರೆಸಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅವರು ಹೊಲ ಕೊಂಡರು! ಧೂಳನ್ನು ವೈರಿ ಎಂದವರು ಹೋಗಿ ಹೋಗಿ ಮಣ್ಣನ್ನೇ ಕೊಂಡರು!

ಕೊಳ್ಳಿಸಿದವಳು ಕಾಕಿ. ಅವಳಿಗೆ ತಂದೆತಾಯಿ ಹೋಗಿ ಬಹಳ ವರ್ಷವಾಗಿತ್ತು. ತವರು ಅಂತ ಉಳಿದದ್ದು ಒಬ್ಬ ತಮ್ಮ, ಜಹೀರಾಬಾದಿನ ಹತ್ತಿರ ಅವನ ಹೊಲ. ಅದಕ್ಕೆ ಹೊಂದಿಕೊಂಡ ತುಂಡು ಮಾರಾಟಕ್ಕೆ ಬಂದಾಗ ಕಾಕಿ ಹಟ ಹಿಡಿದಳು: "ನನ್ನ ಒಡ್ಡು ತವರಿನ ಒಡ್ಡಿಗೆ ಹತ್ತಿರಬೇಕು." ಆ ಕಡೆಯ ಕೆಂಪು ಮಣ್ಣಿನಲ್ಲಿ ಚಳಿಗಾಲಕ್ಕೆ ಆಲೂಗಡ್ಡೆ ಹಾಕುವುದು ವಾಡಿಕೆ. ಕಾಕಾನೂ ಹಾಕಿದರು. ಅವರಿಗೆ ಅದು ಪೆನ್ಷನ್ನಿನ ಮೇಲಿನ ಆಟ, ಕಾಕಿಯ ತಮ್ಮನಿಗೆ ಅದೇ ಅನ್ನ.

ಮೊದಲ ವರ್ಷವೇ ಊರ ಕಟ್ಟೆಯ ಮೇಲೆ ಯಾರೋ ಒಬ್ಬ ಕೃಷಿ ಅಧಿಕಾರಿ ಬಂದು ಭಾಷಣ ಮಾಡಿದರು. ಆಲೂಗಡ್ಡೆಗೆ ಸೊರಗು ರೋಗ ಅಂತ ಒಂದುಂಟು, ಅದು ಮಣ್ಣಿನಲ್ಲಿ ಕೂತಿರುತ್ತದೆ, ರೋಗದ ಬೀಜಗಡ್ಡೆಯಲ್ಲಿ ಬರುತ್ತದೆ, ಹರಿಯುವ ನೀರಿನಲ್ಲಿ ಬರುತ್ತದೆ, ನೇಗಿಲಿಗೆ, ಟ್ರ್ಯಾಕ್ಟರ್ ಗಾಲಿಗೆ, ಚಪ್ಪಲಿಗೆ ಹತ್ತಿದ ಮಣ್ಣಿನ ಜೊತೆ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗುತ್ತದೆ, ಒಮ್ಮೆ ಬಂದು ಕೂತರೆ ವರ್ಷಗಟ್ಟಲೆ ಏಳುವುದಿಲ್ಲ, ಔಷಧವೂ ಇಲ್ಲ. ಉಳಿದವರು ಕೇಳಿದರು, ಚಹಾ ಕುಡಿದರು, ಮನೆಗೆ ಹೋದರು. ಕಾಕಾ ಮಾತ್ರ "ಚಪ್ಪಲಿ" ಎಂಬ ಒಂದು ಶಬ್ದ ಸೆರಗಿಗೆ ಕಟ್ಟಿಕೊಂಡವರ ಹಾಗೆ ಕಟ್ಟಿಕೊಂಡು ಬಂದರು. ಅವತ್ತಿನಿಂದ ನಮ್ಮ ಬಳಗಕ್ಕೆ ಶನಿ ಹಿಡಿಯಿತು.

ವಾರಕ್ಕೊಮ್ಮೆ ಅವರು ಲಿಂಗಂಪಲ್ಲಿಯಲ್ಲಿ ಬೀದರ ಕಡೆಯ ರೈಲು ಹತ್ತುತ್ತಾರೆ. ಕೈಯಲ್ಲಿ ಒಂದು ಚೀಲ. ಅದರಲ್ಲಿ ಹೊಲದ ಬೂಟು, ತಿಕ್ಕುವ ಬ್ರಷ್ಷು, ಬ್ಲೀಚಿಂಗ್ ಪೌಡರಿನ ಡಬ್ಬಿ. ಒಮ್ಮೆ ನಾನೂ ಜೊತೆಗಿದ್ದೆ. ಎದುರಿನ ಸೀಟಿನಲ್ಲಿ ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಬಂದು ಕೂತ. ಅವನ ಬೂಟಿನ ತುಂಬ ಕೆಸರು. ಕಾಕಾನ ಕಣ್ಣು ಅಲ್ಲೇ ನೆಟ್ಟಿತು. ವಿಕಾರಾಬಾದ್ ಬರುವ ತನಕ ತಡೆದರು. ಆಮೇಲೆ ತಡೆಯಲಾರದೆ ತೆಲುಗಿನಲ್ಲಿ ಕೇಳಿಯೇಬಿಟ್ಟರು.

"ಏಂ ಪಂಟ ಏಸಿನ್ರು?" ಏನು ಬೆಳೆ ಹಾಕೀರಿ ಅಂತ.

ಆ ಮನುಷ್ಯ ಕಕ್ಕಾಬಿಕ್ಕಿಯಾದ. "ನೇನು ಬ್ಯಾಂಕ್‌ಲ ಪನಿ ಚೇಸ್ತ, ಸಾರ್." ಬ್ಯಾಂಕಿನಲ್ಲಿ ಕೆಲಸ ಅವನದು. ಪಾಪ, ಸ್ಟೇಷನ್ನಿಗೆ ಬರುವಾಗ ರಸ್ತೆ ಅಗೆದ ಗುಂಡಿಯಲ್ಲಿ ಕಾಲು ಹಾಕಿದ್ದನಂತೆ. ಕಾಕಾ ಅಷ್ಟಕ್ಕೇ ಬಿಟ್ಟರೆ? ಆ ಗುಂಡಿ ಯಾವುದು, ಅದರ ಹತ್ತಿರ ಟೊಮೆಟೊ, ಬದನೆ, ಮೆಣಸಿನಗಿಡ ಇದ್ದವೇನು, ಅವಕ್ಕೂ ಇದೇ ರೋಗ ಬರುತ್ತದಲ್ಲ, ಎಂದು ವಿಚಾರಣೆ ನಡೆಸಿದರು. ಮುಂದಿನ ಸ್ಟೇಷನ್ನಿನಲ್ಲಿ ಅವನು ಚೀಲ ತೆಗೆದುಕೊಂಡು ಬೇರೆ ಡಬ್ಬಿಗೆ ಹೋದ. ಇಳಿಯಬೇಕಾದ ಊರು ಅವನದು ಇನ್ನೂ ಮುಂದಿತ್ತು.

ಟ್ರ್ಯಾಕ್ಟರಿನ ಕಥೆ ಇನ್ನೂ ಚೆಂದ. ಬಾಡಿಗೆ ಟ್ರ್ಯಾಕ್ಟರ್ ಊರ ಎಲ್ಲರ ಹೊಲ ತಿರುಗಿ ಬರುವಂಥದ್ದು, ಅದನ್ನು ಕಾಕಾ ಸೀದಾ ಒಳಗೆ ಬಿಟ್ಟಾರೆಯೇ? ಹೊಲದ ಬಾಯಿಯಲ್ಲೇ ನಿಲ್ಲಿಸಿ, ಬೋರಿನ ಪೈಪು ಹಿಡಿದು, ಗಾಲಿಯ ಸಂದುಸಂದಿನ ಮಣ್ಣು ಕೆದರಿಸಿ ತೊಳೆಸಿದರು. ಡ್ರೈವರ್ ಸೊಂಟದ ಮೇಲೆ ಕೈಯಿಟ್ಟು ನಿಂತ. "ಚಚಾ, ಖೇತ್ ಜೋತ್ನಾ ಕಿ ಗಾಡಿ ಧೋನಾ?" ಹೊಲ ಉಳಬೇಕೋ ಗಾಡಿ ತೊಳೆಯಬೇಕೋ?

"ಪಹಲೇ ಧೋನಾ," ಮೊದಲು ತೊಳೆಯಬೇಕು, ಎಂದರು ಕಾಕಾ, ನ್ಯಾಯಾಧೀಶರ ಗತ್ತಿನಲ್ಲಿ.

ಸುದ್ದಿ ಊರೆಲ್ಲ ಹಬ್ಬಿತು. ಯಾವುದೇ ಹಬ್ಬ ಹತ್ತಿರ ಬಂದರೂ ಸುತ್ತಲಿನ ಹುಡುಗರೆಲ್ಲ ತಮ್ಮ ಮೋಟಾರ್‌ಸೈಕಲ್ ತಂದು ಕಾಕಾನ ಹೊಲದ ಬಾಯಿಯಲ್ಲಿ ನಿಲ್ಲಿಸತೊಡಗಿದರು. "ಒಳಗ ಬರಬೇಕಾಗೈತ್ರಿ, ಸ್ವಲ್ಪ ತೊಳೀರಿ" ಅನ್ನುವುದು, ಗಾಡಿ ಲಕಲಕ ಹೊಳೆಯುವ ಹಾಗೆ ತೊಳೆಸಿಕೊಳ್ಳುವುದು, "ಅರೆ, ಮರತೇಬಿಟ್ಟೆ, ಬ್ಯಾರೆ ಕೆಲಸ ಐತಿ" ಎಂದು ಹೊರಟುಹೋಗುವುದು! ಕಾಕಾಗೆ ಇದು ಗೊತ್ತಾಗಲೇ ಇಲ್ಲ. ತಮ್ಮಿಂದ ಊರಲ್ಲಿ ಎಷ್ಟು ಜಾಗೃತಿ ಮೂಡಿದೆ ನೋಡು ಎಂದು ನನಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದರು.

ಅವರ ಇನ್ನೊಂದು ಆಯುಧ ಕೋಲು. ಮೊಣಕಾಲು ನೋವು ಅಂತ ಬಿದಿರಿನದೊಂದು ಹಿಡಿದಿದ್ದರು. ತುದಿಗೆ ಕಬ್ಬಿಣದ ಮೊನೆ, ತಾವೇ ಅರ ಹಾಕಿ ಚೂಪು ಮಾಡಿದ್ದು. ನಡೆಯುವಾಗ ಆಸರೆ, ನಿಂತಾಗ ಪರೀಕ್ಷೆಯ ಸಲಕರಣೆ. ಮಣ್ಣಿಗೆ ಚುಚ್ಚಿ, ಎತ್ತಿ, ಮೊನೆಗೆ ಹತ್ತಿದ್ದನ್ನು ಬೆರಳಲ್ಲಿ ತಿಕ್ಕಿ "ಹಸಿ ಐತಿ", "ಒಣಗೇತಿ" ಎಂದು ತೀರ್ಪು ಕೊಡುತ್ತಿದ್ದರು. ಯಾರ ಹೊಲದಲ್ಲಿ ಗಿಡ ಬಾಡಿದೆ ಎಂದು ಕೇಳಿದರೂ ಸಾಕು, ಕರೆಯದಿದ್ದರೂ ಹೋಗುವವರೇ. ಸೊರಗಿದ ಗಿಡದ ದಂಟು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ರೋಗವಿದ್ದರೆ ದಂಟಿನಿಂದ ಹಾಲಿನ ಎಳೆಯಂಥದ್ದು ನೀರಿಗೆ ಇಳಿಯುತ್ತದೆ. ತಮ್ಮ ಹೊಲದಲ್ಲಂತೂ ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತ ಗಿಡಗಳನ್ನೂ ಬಿಡಲಿಲ್ಲ. ಕಾಕಿ ಬದುವಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅಂದಳು, "ನಾನೂ ಬಾಡೀನ್ರಿ. ನನ್ನೂ ಒಂದ್ ಲೋಟದಾಗ ಇಳಿಬಿಡ್ರಿ, ಎಳಿ ಬರತೈತೇನು ನೋಡೂಣು."

ಇಲ್ಲಿಯವರೆಗೆ ನಗೆ. ಮುಂದೆ ಎಳ್ಳಮಾವಾಸ್ಯೆ ಬಂತು.

ನಮ್ಮ ಕಡೆ ಎಳ್ಳಮಾವಾಸ್ಯೆ ಅಂದರೆ ಯಾರೂ ಮನೆಯಲ್ಲಿ ಉಣ್ಣುವ ಹಬ್ಬ ಅಲ್ಲ. ಬೆಳೆ ನಿಂತ ಹೊಲಕ್ಕೆ ಬುಟ್ಟಿ ಹೊತ್ತು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ತುಂಬ ನಡೆದಾಡಿ ಅನ್ನ ಚೆಲ್ಲಬೇಕು. ಅದಕ್ಕೆ ಚರಗ ಅನ್ನುವುದು. ಆಮೇಲೆ ಸಜ್ಜಿ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ತಮ್ಮ ಹೊಲದಲ್ಲಿ ಉಂಡವರು ಪಕ್ಕದ ಹೊಲಕ್ಕೆ, ಪಕ್ಕದವರು ಅದರಾಚೆಯ ಹೊಲಕ್ಕೆ, ಹೀಗೆ ಸಂಜೆಯತನಕ ಜನ ಹೊಲದಿಂದ ಹೊಲಕ್ಕೆ ತಿರುಗುತ್ತಾರೆ. ನಮಗೆಲ್ಲ ಇದು ಹಬ್ಬ. ಕಾಕಾನ ಕಣ್ಣಿಗೆ ಇದು ಊರ ಮಣ್ಣೆಲ್ಲ ಕಾಲು ಮೂಡಿಸಿಕೊಂಡು ತಮ್ಮ ಹೊಲಕ್ಕೆ ದಂಡೆತ್ತಿ ಬರುವ ದಿನ!

ಹೊಲದ ಬಾಯಿಯಲ್ಲಿ ಬಕೆಟ್ಟು, ಬ್ರಷ್ಷು, ಬ್ಲೀಚಿಂಗ್ ನೀರಿನ ಬೋಗುಣಿ ಇಟ್ಟುಕೊಂಡು ಕಾಕಾ ನಿಂತರು. ನಮ್ಮೆಲ್ಲರ ಕಾಲು ತೊಳೆಸಿದರು. ಅಷ್ಟರಲ್ಲಿ ಕಾಕಿಯ ತಮ್ಮ ಬಂದ. ತಲೆಗೆ ಹೊಸ ಕೆಂಪು ರುಮಾಲು, ಕೈಯಲ್ಲಿ ಅಕ್ಕನಿಗೆ ಅಂತ ಸೀರೆ, ಹಿಂದೆ ನಾಲ್ಕು ಮಂದಿ ಬೀಗರು. ತನ್ನ ಹೊಲದಿಂದ ನೇರವಾಗಿ ಒಡ್ಡು ದಾಟಿ ಬಂದಿದ್ದ, ಬರಿಗಾಲಲ್ಲಿ.

"ತಡಿ," ಎಂದರು ಕಾಕಾ. "ಕಾಲು ತೊಳಿ."

"ಬಾಜೂ ಹೊಲದಿಂದ ಬಂದೀನ್ರಿ ಮಾವಾರ."

"ಅದಕ್ಕಂತನ ಹೇಳಾಕತ್ತೀನಿ. ಆ ಮಣ್ಣು ಇಲ್ಲಿ ಬ್ಯಾಡ. ಬೆರಳ ಸಂದಿ ಸೈತ ತಿಕ್ಕು."

ಬೀಗರ ಎದುರಿಗೆ ಹೀಗೆ! ನಾನು ಇಲ್ಲಿ ಒಂದು ವಿಷಯ ಹೇಳಬೇಕು. ಕಾಕಿಗೆ ಲಗ್ನದ ಹೊತ್ತಿಗೇ ಅಪ್ಪ ಇರಲಿಲ್ಲ. ಹಂದರದಲ್ಲಿ ಕಾಕಾನ ಕಾಲು ತೊಳೆದು ಅಕ್ಕನನ್ನು ಧಾರೆಯೆರೆದು ಕೊಟ್ಟವನು ಈ ತಮ್ಮನೇ. ಅವನ ಮುಖ ರುಮಾಲಿಗಿಂತ ಕೆಂಪಾಯಿತು.

"ನನ್ನ ಹೊಲದ ಮಣ್ಣು ಹೊಲಸೇನ್ರಿ? ಈ ಮಣ್ಣಾಗ ನಮ್ಮಪ್ಪ ದುಡದಾನ. ನಿಮ್ಮ ಕಾಲು ತೊಳಿಯೂವಾಗ ನಾ ಎಲ್ಲಿಂದ ಬಂದ್ರಿ ಅಂತ ಕೇಳಿದ್ನೇನು?"

ಸೀರೆಯನ್ನು ಒಡ್ಡಿನ ಮೇಲಿಟ್ಟು ಅವನು ತಿರುಗಿ ಹೋದ. ಕಾಕಿ ಬಡಿಸಿದ ಎಲೆ ಹಾಗೇ ಉಳಿಯಿತು. ಅವಳು ಜಗಳ ಮಾಡಲಿಲ್ಲ, ಕಾಕಾಗೆ ಒಂದೇ ಮಾತು ಹೇಳಿದಳು: "ನನಗ ಇರಾಂವ ಒಬ್ಬ ತಮ್ಮ." ಆ ವರ್ಷವೆಲ್ಲ ಅವನು ಅಕ್ಕನ ಮನೆಗೂ ಬರಲಿಲ್ಲ, ಅಕ್ಕನ ಹೊಲಕ್ಕೂ ಬರಲಿಲ್ಲ. ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲಿಲ್ಲ. ಕಾಕಿ ತನ್ನ ಒಡ್ಡಿನ ಮೇಲೆ ಕೂತು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಆ ತಮ್ಮ ತನ್ನ ಬೆಳೆಗೆ ನೀರು ಕಟ್ಟುವುದನ್ನು ನೋಡುತ್ತಿದ್ದಳು. ಕೂಗಿದರೂ ಅವನು ತಿರುಗುತ್ತಿರಲಿಲ್ಲ.

ಕಾಕಾ ತಪ್ಪು ಒಪ್ಪಿಕೊಂಡರೇ? ಬಿಡಿ! "ಸಿಟ್ಟು ಇಳೀತೈತಿ, ರೋಗ ಇಳಿಯೂದಿಲ್ಲ" ಎಂದು ಗಾದೆಯ ಹಾಗೆ ಹೇಳಿಕೊಂಡು ತಿರುಗಿದರು.

ಮರುವರ್ಷ ಬೆಳೆ ಮೊಣಕಾಲೆತ್ತರ ಬಂದಿತ್ತು. ಎಳ್ಳಮಾವಾಸ್ಯೆಗೆ ಇನ್ನು ಕೆಲವೇ ದಿನ ಇರುವಾಗ ನಾನು ರಜೆ ಹಾಕಿ ಕಾಕಾ ಕಾಕಿಯ ಜೊತೆ ಹೊಲಕ್ಕೆ ಹೋಗಿದ್ದೆ. ಬೆಳಗಿನ ತಂಪಿನಲ್ಲೂ ಕೆಲವು ಗಿಡ ಜೋತುಬಿದ್ದಿದ್ದವು. ಎಲೆ ಇನ್ನೂ ಹಸಿರೇ, ಆದರೆ ಜೀವ ಇಲ್ಲ. ಕಾಕಾ ಲೋಟ ತೆಗೆದರು, ನೀರು ಹಾಕಿದರು, ದಂಟು ಕತ್ತರಿಸಿ ಇಳಿಬಿಟ್ಟರು. ನಾವು ಮೂವರೂ ಬಗ್ಗಿ ನೋಡಿದೆವು. ದಂಟಿನ ತುದಿಯಿಂದ ಬಿಳಿ ಎಳೆಯೊಂದು ನಿಧಾನಕ್ಕೆ ನೀರಿನೊಳಗೆ ಇಳಿಯಿತು.

"ಯಾರು ತಂದ್ರು?" ಎಂದರು ಕಾಕಾ. "ತೊಳೀದ ಯಾರು ಬಂದಿದ್ರು ಇಲ್ಲಿ?"

ಯಾರು ಬಂದಾರು? ಅವರ ಕಾಟಕ್ಕೆ ಹೆದರಿ ಕಾಗೆ ಕೂಡ ಆ ಹೊಲದಲ್ಲಿ ಇಳಿಯುತ್ತಿರಲಿಲ್ಲ! ಭಾವಮೈದುನನ ಮೇಲೆ ಹಾಕೋಣವೆಂದರೆ ಅವನು ಕಾಲಿಟ್ಟು ವರ್ಷವಾಗಿತ್ತು. ಬೀಜಗಡ್ಡೆಯ ಮೇಲೆ ಹಾಕೋಣವೆಂದರೆ ಇಬ್ಬರೂ ಒಂದೇ ಲಾರಿಯ ಬೀಜ ಹಾಕಿದ್ದರು, ಆ ಕಡೆಯ ಬೆಳೆ ನೆಟ್ಟಗಿತ್ತು. ಕಾಕಿ ಬಾಡಿದ ಗಿಡಗಳನ್ನೇ ನೋಡುತ್ತ ನಿಂತಿದ್ದಳು. ಅವು ಹೊಲದ ತುಂಬ ಹರಡಿರಲಿಲ್ಲ. ಕಾಕಾ ಬಂದಾಗಲೆಲ್ಲ ಓಡಾಡುವ ಸಾಲಿನ ಪಕ್ಕದಲ್ಲಿ, ಒಂದೊಂದು ಹೆಜ್ಜೆಗೆ ಒಂದೊಂದರಂತೆ ಬಾಡಿದ್ದವು.

"ಇವು ನೀವು ಕೋಲು ಊರೂ ಜಾಗಾ ಅಲ್ಲೇನ್ರಿ?" ಎಂದಳು ಕಾಕಿ.

ಕಾಕಾ ಕೋಲಿನ ಮೊನೆ ಎತ್ತಿ ನೋಡಿದರು. ಬಿದಿರಿಗೂ ಕಬ್ಬಿಣಕ್ಕೂ ನಡುವೆ ಸಂದು. ಸಂದಿನ ತುಂಬ ಕಂಡವರ ಹೊಲದ ಮಣ್ಣು. ಎಲ್ಲೆಲ್ಲಿ ರೋಗ ಬಂದಿದೆ ಎಂದು ಕೇಳಿದರೋ ಅಲ್ಲೆಲ್ಲ ಹೋಗಿ ಚುಚ್ಚಿದ ಕೋಲು ಅದು. ಬಂದು ಬೂಟು ತೊಳೆದಿದ್ದರು, ಬ್ರಷ್ಷನ್ನೂ ತೊಳೆದಿದ್ದರು, ಬಕೆಟ್ಟನ್ನೂ ತೊಳೆದಿದ್ದರು.

"ಊರ ಮಂದೀದೆಲ್ಲಾ ಎರಡ ಕಾಲು ತೊಳಿಸಿದ್ರಿ," ಎಂದಳು ಕಾಕಿ, "ನಿಮ್ಮ ಮೂರನೇ ಕಾಲು ಬಿಟ್ರಿ."

ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಕಾಕಾನ ಮುಖ ನೋಡಿದ ಮೇಲೆ ನಗು ಅಲ್ಲೇ ನಿಂತಿತು. ಅವರು ತಮ್ಮ ಗಿಡ ನೋಡುತ್ತಿರಲಿಲ್ಲ. ಒಡ್ಡಿನಾಚೆ ಭಾವಮೈದುನನ ಬೆಳೆ ನೋಡುತ್ತಿದ್ದರು.

ಮರುದಿನವೇ ಬಾಡಿದ್ದನ್ನೆಲ್ಲ ಬೇರುಸಮೇತ ಕಿತ್ತು ಸುಡಿಸಿದರು. ನೀರು ಒಡ್ಡು ದಾಟದ ಹಾಗೆ ತಮ್ಮ ಕಡೆಗೇ ಕಾಲುವೆ ತೋಡಿಸಿದರು. ಕಾಕಿಯ ತಮ್ಮನಿಗೆ ಫೋನು ಮಾಡಿದರು, ಅವನು ಎತ್ತಲಿಲ್ಲ. ಹಬ್ಬಕ್ಕೆ ಯಾರನ್ನೂ ಕರೆಯುವುದು ಬೇಡ, ಚರಗವೂ ಬೇಡ ಎಂದರು. ಕಾಕಿ ಕೇಳಲಿಲ್ಲ. "ಕೂಸಿಗೆ ಜಡ್ಡಾದ್ರ ಉಣಿಸೂದು ಬಿಡತಾರೇನ್ರಿ?"

ಹೀಗಾಗಿ ಎಳ್ಳಮಾವಾಸ್ಯೆಗೆ ನಾವು ಮೂವರೇ. ಸುತ್ತ ಎಲ್ಲ ಹೊಲಗಳಲ್ಲೂ ಗದ್ದಲ. ಚರಗ ಚೆಲ್ಲಿ, ರೊಟ್ಟಿ ಬಿಚ್ಚಿ ಕೂತಿದ್ದೆವು. ಆಗ ಒಡ್ಡಿನ ಮೇಲೆ ಕಾಕಿಯ ತಮ್ಮ ಬಂದು ನಿಂತ. ಸುದ್ದಿ ಹೇಗೋ ಮುಟ್ಟಿತ್ತು. ಅವನು ಒಂದು ಕಾಲು ಈ ಕಡೆ ಎತ್ತಿಟ್ಟನೋ ಇಲ್ಲವೋ, ಕಾಕಾ ಕೈ ಅಗಲಿಸಿ ಕೂಗಿದರು.

"ಅಲ್ಲೇ ನಿಲ್ಲು! ಒಳಗ ಬರಬ್ಯಾಡ!"

ಕಾಕಿಯ ಕೈಯಲ್ಲಿದ್ದ ರೊಟ್ಟಿ ಜಾರಿತು. ಮತ್ತೆ ಶುರುವಾಯಿತಲ್ಲಪ್ಪ ಎಂದು ನಾನೂ ತಲೆ ಹಿಡಿದುಕೊಂಡೆ.

"ನನ್ನ ಮಣ್ಣು ಕೆಟ್ಟೈತಪಾ," ಎಂದರು ಕಾಕಾ. "ನಾನ ಕೆಡಿಸೀನಿ. ನಿನ್ನ ಕಾಲಿಗೆ ಹತ್ತಿ ನಿನ್ನ ಹೊಲಕ್ಕ ಬಂತಂದ್ರ ನಿನ್ನ ಮಕ್ಕಳು ಏನ್ ಉಣಬೇಕು? ಬರಬ್ಯಾಡ."

ಅವನು, "ಅಕ್ಕ ಇಲ್ಲಿ ಒಬ್ಬಾಕಿನ ಉಣ್ಣಾಕತ್ಯಾಳ, ನಾ ಒಡ್ಡಿನ ಮ್ಯಾಲೆ ನಿಂತು ನೋಡಲೇನು?" ಎಂದವನೇ ಚಪ್ಪಲಿ ಆ ಕಡೆ ಬಿಟ್ಟು ಇಳಿದು ಬಂದ. ಅಕ್ಕನ ಪಕ್ಕ ಕೂತ. ಎರಡು ವರ್ಷದ ಭಜ್ಜಿ ಒಟ್ಟಿಗೇ ಉಂಡ ಅಂದರೂ ನಡೆದೀತು.

ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ. ಹೋಗುವವರಿಗೆ ಕೊಟ್ಟವರು ಜಗತ್ತಿನಲ್ಲಿ ನಮ್ಮ ಕಾಕಾ ಒಬ್ಬರೇ. ಅವನು ಎದ್ದಾಗ ಅವರೂ ಎದ್ದರು. ಒಡ್ಡಿನ ಮೇಲೆ ಸ್ಟೂಲು ಇಟ್ಟು ಅವನನ್ನು ಕೂರಿಸಿದರು. ಹೊಲಸು ನೀರು ತಮ್ಮ ಹೊಲಕ್ಕೇ ಹರಿಯಲಿ ಅಂತ ಸ್ಟೂಲನ್ನು ಈ ಕಡೆ ತಿರುಗಿಸಿದರು. ಆಮೇಲೆ ಮಡಚಲು ಬಾರದ ಆ ಮೊಣಕಾಲು ಮಡಚಿ, ಕೆಳಗೆ ಕೂತು, ಅವನ ಪಾದ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಮಾವಾರ, ಬಿಡ್ರಿ! ನೀವು ನನ್ನ ಕಾಲು ಹಿಡಿಯೂದಂದ್ರ ಏನು, ಪಾಪ ಹತ್ತತೈತಿ ನನಗ!"

"ಸುಮ್ಮನ ಕುಂಡ್ರು. ಹಿಮ್ಮಡಿ ಸೀಳಿನ್ಯಾಗ ಇನ್ನಾ ಐತಿ."

ಕಾಕಿ ತಂಬಿಗೆಯಿಂದ ನೀರು ಹಾಕಿದಳು, ಕಾಕಾ ಬ್ರಷ್ಷಿನಿಂದ ತಿಕ್ಕಿದರು. ಒಂದೊಂದೇ ಬೆರಳು, ಒಂದೊಂದೇ ಸಂದು, ಹಳೆಯ ಕಾರ್ಖಾನೆಯ ಆ ಸಣ್ಣ ಭಾಗಗಳನ್ನು ಒರೆಸುತ್ತಿದ್ದ ಹಾಗೆ. ಹೆಗಲ ಮೇಲಿನ ಶಲ್ಯದಿಂದ ಒರೆಸಿ, "ಈಗ ಆ ಕಡೆ ಕಾಲಿಡು, ಇಳಿ" ಎಂದರು. ನನ್ನ ಕಣ್ಣು ತುಂಬಿ ಬಂದವು. ಈ ಮನುಷ್ಯನನ್ನು ನೋಡಿ ನಾನು ಇಷ್ಟು ವರ್ಷ ಬರೀ ನಕ್ಕಿದ್ದೆ.

ಅವನು ತನ್ನ ಹೊಲಕ್ಕೆ ಇಳಿದ. ಹೋಗಲಿಲ್ಲ, ಅಲ್ಲೇ ನಿಂತ. "ಬರ್ರಿ ಮಾವಾರ. ನನ್ನ ಹೊಲದಾಗ ಚರಗ ಇನ್ನಾ ಆಗಿಲ್ಲ."

ಕಾಕಾ ತಮ್ಮ ಕಾಲು ನೋಡಿಕೊಂಡರು. "ನಾ ಬರಬಾರದಪಾ. ಈ ಕಾಲು..."

ಅವನು ಒಡ್ಡಿನ ಮೇಲೆ ಬಗ್ಗಿ ಅಕ್ಕನ ಕೈಯಿಂದ ತಂಬಿಗೆ ಇಸಿದುಕೊಂಡ. ಕಾಕಾನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿದ. "ಲಗ್ನದಾಗ ಒಮ್ಮೆ ತೊಳದೀನಿ," ಎನ್ನುತ್ತ ಅವರ ಕಾಲು ತೊಳೆದ. "ಹೊಸಾದೇನಲ್ಲ." ಕಾಕಾ ಗದ್ದದ ಮೇಲೆ ಇಳಿದದ್ದನ್ನು ಶಲ್ಯದ ತುದಿಯಿಂದ ಒರೆಸಿಕೊಂಡರು. ಆ ಶಲ್ಯಕ್ಕೆ ಹೊಲದ ಮಣ್ಣು ಹತ್ತಿತ್ತು. ಅವರು ನೋಡಲೂ ಇಲ್ಲ.

ಕೋಲು ಈ ಕಡೆಯೇ ಬಿತ್ತು. ಕಾಕಾ ಭಾವಮೈದುನನ ಭುಜ ಹಿಡಿದು ಒಡ್ಡು ದಾಟಿದರು. ತಂಬಿಗೆಯಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಕಾಕಿ ಅದನ್ನು ತನ್ನ ಕಾಲಿಗೆ ಸುರುವಿಕೊಂಡು, ಸೆರಗು ಸರಿಮಾಡಿಕೊಂಡು ತವರಿಗೆ ಹೊರಟಳು.